ಕೊಳೆತ ಹಲಗೆಗೆ ವಾರ್ನಿಷ್ ಬಳಿಯೋದು ಯಾವಾಗ ನಿಲ್ಲುತ್ತೆ?

‘ಮೇಲೊಂದು ಕೋಟ್ ವಾರ್ನಿಷ್ ಹೊಡೆದ್ರೆ ಹೊಸದಾಗುತ್ತೆ ಸಾರ್.’ ಮಡಿಕೇರಿ, ಸಕಲೇಶಪುರ ಕಡೆಯ ಹೋಮ್‌ಸ್ಟೇಗಳಲ್ಲಿ ಹಳೇ ಮರದ ಡೆಕ್, ಅಂದ್ರೆ ಹೊರಗಿನ ಹಲಗೆ ನೆಲ, ರಿಪೇರಿ ಅಂದ್ರೆ ಇಷ್ಟೇ. ಮೇ ತಿಂಗಳಲ್ಲಿ ಹೊಳಪು, ಜೂನ್‌ನಲ್ಲಿ ಮಳೆ, ದೀಪಾವಳಿ ಹೊತ್ತಿಗೆ ಹಾವಿನ ಪೊರೆ ಬಿಟ್ಟ ಹಾಗೆ ಸಿಪ್ಪೆ. ಮುಂದಿನ ಮೇನಲ್ಲಿ ಆ ಸಿಪ್ಪೆ ಮೇಲೇ ಇನ್ನೊಂದು ಕೋಟ್!

ಒಳಗಿನ ಬಾಗಿಲಿಗೆ ವಾರ್ನಿಷ್ ಸರಿ. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗೋ ನೆಲಕ್ಕೆ ಅದು ನಿಲ್ಲಲ್ಲ. ಪದರ ಬಿರಿಯುತ್ತೆ, ಸ್ಕ್ರೂ ತೂತಲ್ಲಿ, ಹಲಗೆಯ ಕೊಯ್ದ ತುದೀಲಿ ನೀರು ಒಳಗೆ ಹೋಗುತ್ತೆ, ಹೊರಗೆ ಬರೋ ದಾರಿ ಇಲ್ಲದೆ ಅಲ್ಲೇ ಕೂತು ಕೊಳೆಸುತ್ತೆ.

ಅದಿರಲಿ, ಕೆಳಗೆ ಬಗ್ಗಿ ನೋಡೋರೇ ಇಲ್ಲವಲ್ಲ! ಹಲಗೆ ಜಂತಿ ಮೇಲೆ ಕೂರೋ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿ. ಕಾಲಿಂಚು ಸಲೀಸಾಗಿ ಇಳಿದ್ರೆ ಅದು ಮರವಲ್ಲ, ಗೊಬ್ಬರ. ಕಿತ್ತು ಬದಲಾಯಿಸಬೇಕು. ಗೋಂದಿಗೆ ಮರದ ಪುಡಿ ಕಲಸಿ ಮೆತ್ತಿದ್ರೆ ಅದು ಒಂದೇ ಮಳೆಗಾಲದಲ್ಲಿ ಎದ್ದು ಬರುತ್ತೆ. ಬದಲಿಗೆ ಹಾಕೋ ಹಲಗೆಯಾದ್ರೂ ಚೇಗಿನದ್ದಾಗಿರಲಿ, ಅಂದ್ರೆ ಮರದ ನಡುವಿನ ಗಟ್ಟಿ ತಿರುಳಿನದ್ದು. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ತಂದು ಬಡಿದ್ರೆ ಗೆದ್ದಲಿಗೆ ಊಟ ಬಡಿಸಿದ ಹಾಗೆ.

ಹಲಗೆ ನಡುವೆ 5 ಎಂಎಂ ಸಂದು ಬೇಕು, ನೀರು ಇಳಿದು ಗಾಳಿ ಆಡೋಕೆ. ಒಂದು ಇಂಚಿನ ಹಲಗೆಗೆ ಎರಡೂವರೆ ಇಂಚಿನ ಸ್ಟೇನ್‌ಲೆಸ್ ಸ್ಕ್ರೂ, ಪ್ರತಿ ಜಂತಿಗೆ ಎರಡು, ಮೊದಲು ತೂತು ಕೊರೆದು. ಕಬ್ಬಿಣದ ಮೊಳೆ ಹೊಡೆದ್ರೆ ತುಕ್ಕು ಮರದ ಒಗರಿನ ಜೊತೆ ಸೇರಿ ಸುತ್ತ ಕಪ್ಪು ಕಲೆ. ಆ ಕಲೆಯನ್ನ ಉಜ್ಜಿ ಉಜ್ಜಿ ಹಲಗೆ ತೆಳ್ಳಗೆ ಮಾಡೋ ಮಹಾನುಭಾವರೂ ಇದಾರೆ. ಲೀಟರ್ ಬೆಚ್ಚನೆ ನೀರಿಗೆ ಸುಮಾರು 60 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಬಳಿದು, ಇಪ್ಪತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದ್ರೆ ಹೋಗುತ್ತೆ. ವಿಷ ಅದು, ಕೈಗವಸು, ಕನ್ನಡಕ, ಪ್ಲಾಸ್ಟಿಕ್ ಬಕೆಟ್ ಬೇಕೇ ಬೇಕು. ಮೊಳೆ ಅಲ್ಲೇ ಇದ್ರೆ ಕಲೆ ಮತ್ತೆ ಬರುತ್ತೆ, ಹೇಳಿಲ್ಲ ಅನ್ನಬೇಡಿ.

ಹಳೇ ವಾರ್ನಿಷ್ ಪೂರ್ತಿ ಕೆರೆದು, 60ನೇ ನಂಬರಿನ ಉಪ್ಪು ಕಾಗದ, ಆಮೇಲೆ 80. ಅಲ್ಲಿಗೆ ನಿಲ್ಲಿಸಿ. 220ರ ನಯ ಕಾಗದದಲ್ಲಿ ತಿಕ್ಕಿ ಕನ್ನಡಿ ಮಾಡಿದ್ರೆ ಎಣ್ಣೆ ಒಳಗೆ ಇಳಿಯಲ್ಲ, ಮಳೆಗಾಲದಲ್ಲಿ ಅತಿಥಿಗಳ ಸೊಂಟಾನೂ ಉಳಿಯಲ್ಲ.

ಕೆಲಸಕ್ಕೆ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಹಲಗೆ ಮೇಲೆ ನಾಲ್ಕು ಹನಿ ನೀರು ಬಿಡಿ. ಮುತ್ತಿನ ಹಾಗೆ ನಿಂತ್ರೆ ಒಳಗೆ ಇನ್ನೂ ತೇವ ಇದೆ, ಇಲ್ಲಾ ಹಳೇ ಪದರ ಪೂರ್ತಿ ಹೋಗಿಲ್ಲ. ಹೀರಿದ ಮೇಲೆ ಹೊರಾಂಗಣದ ಡೆಕ್ ಆಯಿಲ್, ಬಣ್ಣ ಬೆರೆತದ್ದು. ಬಿಸಿಲು ತಡೆಯೋದು ಆ ಬಣ್ಣವೇ. ಬರೀ ಅಗಸೆ ಎಣ್ಣೆ ಬೂಷ್ಟಿಗೆ ಹಬ್ಬ. ಸುಟ್ಟ ಎಂಜಿನ್ ಆಯಿಲ್ ಬಳಿಯೋರ ಬಗ್ಗೆ ಏನು ಹೇಳೋದು, ಬರಿಗಾಲಲ್ಲಿ ಓಡಾಡೋ ಜಾಗ ಕಣ್ರೀ ಅದು!

ಹತ್ತಕ್ಕೆ ಹನ್ನೆರಡು ಅಡಿಯ ಒಣಗಿದ ಡೆಕ್ ಮೊದಲ ಕೈಗೆ ಎರಡು ಲೀಟರ್ ಹತ್ತಿರ ಕುಡಿಯುತ್ತೆ. ಕೊಯ್ದ ತುದಿಗಳಿಗೆ ಇನ್ನೊಂದು ಸಲ ಜಾಸ್ತಿ. ಹದಿನೈದಿಪ್ಪತ್ತು ನಿಮಿಷಕ್ಕೆ ಹೆಚ್ಚಿದ್ದನ್ನ ಒರೆಸದೆ ಬಿಟ್ರೆ ವಾರಗಟ್ಟಲೆ ಅಂಟಂಟು. ಒರೆಸಿದ ಬಟ್ಟೆ ಮುದ್ದೆ ಮಾಡಿ ಥಿನ್ನರ್ ಡಬ್ಬಿ ಪಕ್ಕ ಬಿಸಾಡಿ ಹೋಗ್ತಾರಲ್ಲ, ಆ ಎಣ್ಣೆ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ನೀರಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸ್ರಪ್ಪ. ಕೊಟೇಶನ್‌ನಲ್ಲಿ ಇದ್ಯಾವುದೂ ಇರಲ್ಲ. ಚದರಡಿಗೆ ಇಷ್ಟು ಅಂತ ಕೋಟ್‌ನ ರೇಟು, ಕೆಳಗೆ ಸಣ್ಣಕ್ಷರದಲ್ಲಿ ‘ಕೆರೆಯೋದು ಎಕ್ಸ್‌ಟ್ರಾ’.