ಸಿಟ್ಟಿನಲ್ಲಿ ಹುಟ್ಟಿದ ನಾಟಕ ಕಂಪನಿ

ಲಂಡನ್ನಿನ ತಾರಾ ಆರ್ಟ್ಸ್ ಎಂಬ ನಾಟಕ ಕಂಪನಿಯ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ನಾಟಕದ ಹುಚ್ಚಿರುವವರಾದರೂ ಅದರ ಕತೆ ತಿಳಿದುಕೊಳ್ಳಬೇಕು.

1976ರ ಜೂನ್‌ನಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷದ ಹುಡುಗನನ್ನು ಇರಿದು ಕೊಂದರು. ಜನಾಂಗದ್ವೇಷದ ಕೊಲೆ. ಅಲ್ಲಿನ ಏಷ್ಯನ್ ಹುಡುಗರು ಬೀದಿಗಿಳಿದರು. ನೈರೋಬಿಯಲ್ಲಿ ಬೆಳೆದು ಇಂಗ್ಲೆಂಡಿಗೆ ಬಂದಿದ್ದ ಜತಿಂದರ್ ವರ್ಮಾ ಮತ್ತವರ ಗೆಳೆಯರು ಮರುವರ್ಷವೇ ಈ ನಾಟಕ ಕಂಪನಿ ಕಟ್ಟಿದರು.

ಮೊದಲು ಆಡಿದ್ದು ಏನು ಗೊತ್ತಾ? ಟ್ಯಾಗೋರರ 'ವಿಸರ್ಜನ', ಇಂಗ್ಲಿಷಿನಲ್ಲಿ. ಸಾಕಿದ ಮೇಕೆಯನ್ನು ಕಾಳಿಗೆ ಬಲಿ ಕೊಟ್ಟರೆಂದು ಬಡ ಹುಡುಗಿಯೊಬ್ಬಳು ಅಳುತ್ತಾಳೆ. ರಾಜ ಬಲಿಯನ್ನೇ ನಿಲ್ಲಿಸುತ್ತಾನೆ. ಪೂಜಾರಿ ರಾಜನ ಮೇಲೇ ತಿರುಗಿ ಬೀಳುತ್ತಾನೆ. ಯೋಚಿಸಿ, ಆಗ ಬಿಳಿಯರನ್ನು ಬೈಯುವ ನಾಟಕ ಆಡಿದ್ದರೆ ಸುಮ್ನೆ ಚಪ್ಪಾಳೆ ಬೀಳುತ್ತಿತ್ತು. ಇವರು ದೇವರ ಹೆಸರಲ್ಲಿ ನಮ್ಮವರೇ ಹರಿಸುವ ರಕ್ತದ ಮಾತೆತ್ತಿದರು. ಇದಕ್ಕೆ ಸಿಟ್ಟಿಗಿಂತ ಜಾಸ್ತಿ ಧೈರ್ಯ ಬೇಕು.

1990ರಲ್ಲಿ ವರ್ಮಾ ನ್ಯಾಷನಲ್ ಥಿಯೇಟರಿನಲ್ಲಿ ಫ್ರೆಂಚ್ ನಾಟಕಕಾರ ಮೋಲಿಯೇರ್‌ನ 'ತಾರ್ತ್ಯೂಫ್' ನಿರ್ದೇಶಿಸಿದರು. ಭಕ್ತಿಯ ಸೋಗು ಹಾಕಿ ಮನೆ ಹೊಕ್ಕು ಮನೆಯನ್ನೇ ನುಂಗುವವನ ಕತೆ. ಅದನ್ನು ಔರಂಗಜೇಬನ ಕಾಲದ ಹಿಂದೂಸ್ತಾನಕ್ಕೆ ತಂದು ಕೂರಿಸಿದರು. ಅಂಥ ಕಪಟ ಸಾಧುಗಳಿಗೆ ನಮ್ಮಲ್ಲೇನು ಬರವೇ? ಫ್ರಾನ್ಸಿನ ನಾಟಕ ಇಲ್ಲಿಯದೇ ಅನ್ನಿಸುವಂಥದ್ದು.

ತಾರಾದಲ್ಲಿ ನಟಿಸಿದ್ದ ಸುಧಾ ಭುಚ್ಚರ್ 1989ರಲ್ಲಿ ಕ್ರಿಸ್ಟೀನ್ ಲ್ಯಾಂಡನ್-ಸ್ಮಿತ್ ಜೊತೆ 'ತಮಾಶಾ' ಎಂಬ ಇನ್ನೊಂದು ನಾಟಕ ಕಂಪನಿ ಕಟ್ಟಿದರು. ಒಂದು ಕಂಪನಿಯ ಪ್ರಭಾವ ಅಂದರೆ ನನ್ನ ಲೆಕ್ಕದಲ್ಲಿ ಇದೇ. ಪ್ರಶಸ್ತಿ ಪಟ್ಟಿ ಆಮೇಲೆ.

ದಕ್ಷಿಣ ಲಂಡನ್ನಿನ ಅರ್ಲ್ಸ್‌ಫೀಲ್ಡ್‌ನಲ್ಲಿ ರೈಲು ಹಳಿಯ ಮಗ್ಗುಲಿಗೇ ತಾರಾದ ಪುಟ್ಟ ರಂಗಮಂದಿರ. 2016ರಲ್ಲಿ ಹೊಸದಾಗಿ ಕಟ್ಟಿಸಿದಾಗ ರಂಗಕ್ಕೆ ಮಣ್ಣಿನ ನೆಲವನ್ನೇ ಮಾಡಿಸಿದರು. ಲಂಡನ್ನಿನಲ್ಲಿ ಮಣ್ಣಿನ ನೆಲ! ನಮ್ಮೂರಿನ ಹೊಸ ರಂಗಮಂದಿರಗಳಿಗೆ ಗ್ರಾನೈಟ್ ಬಿಟ್ಟರೆ ಬೇರೆ ಹೊಳೆಯುವುದೇ ಇಲ್ಲ, ಅಲ್ವಾ?

ಬಹುಸಂಸ್ಕೃತಿ ಅಂದ ಕೂಡಲೇ ಸಮೋಸ, ಸೀರೆ, ಒಂದು ಭಾಂಗ್ರಾ ಕುಣಿತ ಅನ್ನುವವರೇ ಜಾಸ್ತಿ. ತಾರಾ ಹಾಗೆ ಮಾಡಲಿಲ್ಲ. ಆ ಊರಿನ ಭಾಷೆಯಲ್ಲಿ, ಆ ಊರಿನವರ ಎದುರೇ, ನಮ್ಮ ಜಗಳಗಳನ್ನೂ ಸೇರಿಸಿ ಆಡಿತು. ಹೊರದೇಶದ ಕನ್ನಡ ಕೂಟಗಳಲ್ಲಿ ಒಳ್ಳೊಳ್ಳೆ ನಟರಿದ್ದಾರೆ. ರಾಜ್ಯೋತ್ಸವಕ್ಕೆ ನಗೆನಾಟಕ ಆಡಿ, ಊಟ ಮುಗಿಸಿ ಮನೆಗೆ ಹೋಗುತ್ತಾರೆ. ನಗೆನಾಟಕ ಇರಲಿ, ನನಗೂ ಇಷ್ಟವೇ. ಆದರೆ ಈ ಸಲ 'ತುಘಲಕ್' ಎತ್ತಿಕೊಳ್ಳಿ. ಪಕ್ಕದ ಮನೆಯ ಪೋಲೆಂಡಿನವರನ್ನೋ ನೈಜೀರಿಯಾದವರನ್ನೋ ಪಾತ್ರಕ್ಕೆ ಕರೆಯಿರಿ. ಟಿಕೆಟ್ ಆ ಊರಿನವರಿಗೂ ಮಾರಿ.