ದುಡ್ಡು ಬಾರದ್ದನ್ನೇ ಮೊದಲು ಬಿಡಬೇಕೇ?

ಒಪ್ಪಿಕೊಂಡ ಜವಾಬ್ದಾರಿಗಳನ್ನು ಕಡಿಮೆ ಮಾಡಿಕೊಳ್ಳಿ ಎನ್ನುವ ಲೇಖನವೊಂದನ್ನು ಓದಿದೆ. ಲೇಖಕರ ಆ ಮಾತು ನೂರಕ್ಕೆ ನೂರು ಸರಿ. ಆದರೆ ‘ಸಂಪಾದನೆ ಇಲ್ಲದ ಕೆಲಸವನ್ನು ಮೊದಲು ಕೈಬಿಡಿ’ ಎಂದಿರುವುದನ್ನು ಖಂಡಿತ ಒಪ್ಪಲಾರೆ. ನಾನು ಬಿಟ್ಟಿದ್ದು ವಾರಾಂತ್ಯದ ಫ್ರೀಲಾನ್ಸ್ ಕೆಲಸ, ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಗಿರಿ, ರಾಜ್ಯೋತ್ಸವ ಸಮಿತಿ. ಉಳಿಸಿಕೊಂಡಿದ್ದು ಬನಶಂಕರಿ ಕಡೆಯ ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವುದನ್ನು.

ಮೊದಲೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದು, ಪಾಠ ಮುಗಿಸಿ, ಮೀಟಿಂಗಿಗೆ ಓಡುತ್ತಿದ್ದೆ. ಈಗ ಮಕ್ಕಳ ಪಕ್ಕ ಕೂರಲು ಪುರುಸೊತ್ತಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಬೀಜಗಣಿತ ತಲೆಗೇ ಹತ್ತಲ್ಲ ಸಾರ್’ ಅನ್ನುತ್ತಿದ್ದಳು. ಕೂತು ನೋಡಿದರೆ ಅವಳಿಗೆ ಎಲ್ಲ ಬರುತ್ತದೆ. ಎಡಗಡೆ ಮೈನಸ್ ಇರುವ ಬ್ರಾಕೆಟ್ ಬಿಡಿಸುವಾಗ ಮೊದಲ ಪದದ ಚಿಹ್ನೆ ಬದಲಿಸಿ ಎರಡನೆಯದನ್ನು ಹಾಗೇ ಬಿಡುತ್ತಿದ್ದಳು, ಅಷ್ಟೇ. ಗಡಿಯಾರ ನೋಡುತ್ತಾ ಪಾಠ ಮಾಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಇದೇ ಬೆಂಗಳೂರಿನಲ್ಲಿದ್ದ ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿಗೆ ದಶಕಗಳನ್ನೇ ಕೊಟ್ಟರು. ದುಡ್ಡಿನ ಲೆಕ್ಕದಲ್ಲಿ ಅಳೆಯುವ ಕೆಲಸವೇ ಅದು?

ಇನ್ನೊಂದು ಮಾತು. ‘ಬೇಡ ಎಂದರಾಯಿತು’ ಎನ್ನುವಷ್ಟು ಸಲೀಸಲ್ಲ ಬಿಡುವುದು. ಮಾರ್ಚ್ ಲೆಕ್ಕ ಮುಗಿದು, ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹೊಸಬರ ಕೈಗೆ ಒಪ್ಪಿಸುವವರೆಗೂ ನಾನು ಖಜಾಂಚಿಯಾಗಿಯೇ ಇರಬೇಕಾಯಿತು. ಹೀಗೆ ನೆಟ್ಟಗೆ ವಹಿಸಿಕೊಡುವುದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ, ಅದನ್ನೂ ಬರೆಯಿರಿ.