ನಕ್ಷತ್ರ ಕಾಣಿಸ್ತಿಲ್ವಂತೆ!

ಸಕಲೇಶಪುರದ ಮಂಜರಾಬಾದ್ ಕೋಟೆಯಿಂದ ಈಗಷ್ಟೇ ಇಳಿದು ಬಂದೆ. ಮೇಲಿಂದ ನೋಡಿದರೆ ನಕ್ಷತ್ರದ ಆಕಾರದ ಕೋಟೆ ಅದು. ತಲೆ ಕೆಟ್ಟಿದೆ. ಕೋಟೆ ವಿಷಯಕ್ಕೆ ಬಂದರೆ ನಾನು ಹೇಗೆ ಆಡುತ್ತೇನೆ ಅಂತ ನಿಮಗೆ ಗೊತ್ತೇ ಇದೆ, ಸಹಿಸಿಕೊಳ್ಳಿ.

ಮೇಲೆ ಒಂದು ಗುಂಪು ಮೊಬೈಲ್‌ನಲ್ಲಿ ಡ್ರೋನ್ ಫೋಟೋ ಹಿಡಿದು "ಸ್ಟಾರ್ ಎಲ್ರೀ?" ಅಂತ ಹುಡುಕುತ್ತಿತ್ತು. ನಕ್ಷತ್ರದ ಹೊಟ್ಟೆಯೊಳಗೇ ನಿಂತುಕೊಂಡು! ಸಿಗಲಿಲ್ಲ. ಕೊನೆಗೆ ತೀರ್ಪು ಬಂತು: "ಇಲ್ಲಿ ಏನೂ ಇಲ್ಲ. ಒಂದು ಪಾರ್ಕ್ ಆದ್ರೂ ಮಾಡಬಾರದಾ? ಕಾರಂಜಿ, ಹುಲ್ಲುಹಾಸು, ಮಕ್ಕಳಿಗೆ ಜಾರುಬಂಡಿ..."

ಏನೂ ಇಲ್ವಾ? ಟಿಪ್ಪು ಸುಲ್ತಾನ್ ಫ್ರೆಂಚರ ಮಾದರಿಯಲ್ಲಿ ಕಟ್ಟಿಸಿದ ಕೋಟೆ, 1792ರಲ್ಲಿ ಮುಗಿದದ್ದು. ಆ ಎಂಟು ಮೂಲೆ ಚಂದಕ್ಕೆ ಇಟ್ಟದ್ದಲ್ಲ. ಗೋಡೆ ನೇರವಾಗಿದ್ದರೆ ಅದರ ಬುಡಕ್ಕೆ ಅಂಟಿಕೊಂಡ ಶತ್ರು ಮೇಲಿದ್ದವನಿಗೆ ಕಾಣುವುದಿಲ್ಲ. ಮೂಲೆ ಹೊರಗೆ ಚಾಚಿದ್ದರೆ, ಅಲ್ಲಿ ನಿಂತವನು ಪಕ್ಕದ ಗೋಡೆಯ ಬುಡಕ್ಕೇ ಗುಂಡು ಹೊಡೆಯಬಹುದು. ಅವಿತುಕೊಳ್ಳಲು ಜಾಗವೇ ಇಲ್ಲ. ಗೋಡೆಯ ಒಂದು ಕಿಂಡಿಗೆ ಕಣ್ಣಿಟ್ಟಿದ್ದರೆ ಸಾಕಿತ್ತು, ಡ್ರೋನ್ ಬೇಕಿರಲಿಲ್ಲ. ಆದರೆ ಕಿಂಡಿಗೆ ಚಿಪ್ಸ್ ಪ್ಯಾಕೆಟ್ ತುರುಕಿದ್ದರು ಬಿಡಿ. ಮದ್ದುಗುಂಡು ಇಡುತ್ತಿದ್ದ ನೆಲಮಾಳಿಗೆಯ ಗೋಡೆ ಮೇಲೆ ಯಾರೋ ಯಾರಿಗೋ ಕೆತ್ತಿದ ಪ್ರೇಮಪತ್ರ.

ಜೊತೆಗಿದ್ದ ಗೆಳೆಯ ಬೇರೆ ರಾಗ ತೆಗೆದ. "ಇಟಲಿಯ ಲುಕ್ಕಾದಲ್ಲಿ ಕೋಟೆ ಗೋಡೆಯನ್ನೇ ಪಾರ್ಕ್ ಮಾಡಿದ್ದಾರಲ್ಲ ಮಾರಾಯ!" ಮಾಡಿದ್ದಾರೆ. ಸುಮಾರು 4 ಕಿಲೋಮೀಟರ್ ಗೋಡೆ, ಮೇಲೆ ಸಾಲುಮರ, ಸೈಕಲ್ ಹೊಡೆಯುವಷ್ಟು ಅಗಲ. 19ನೇ ಶತಮಾನದಲ್ಲೇ ಅದು ವಾಕಿಂಗ್ ಜಾಗವಾಯಿತು. ಆದರೆ ಆ ಗೋಡೆಯೊಳಗೆ ಊರಿದೆ. ಜನ ಸಂಜೆ ಚಪ್ಪಲಿ ಮೆಟ್ಟಿಕೊಂಡು ಮನೆಯಿಂದ ಹೋಗುತ್ತಾರೆ. ಮಂಜರಾಬಾದ್ ಒಳಗೆ ಯಾರ ಮನೆ ಇದೆ? ದೋಣಿಗಾಲ್ ಹತ್ತಿರ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ, ಜಾರುಬಂಡಿ ಆಡಬೇಕಾ? ಅದಕ್ಕೆ ಹಾಸನದಲ್ಲಿ ಮಹಾರಾಜ ಪಾರ್ಕ್ ಇದೆಯಲ್ಲ!

ಮತ್ತೆ ಕಾರಂಜಿಗೆ ಪೈಪ್ ಎಳೆಯುವುದು ಹೇಗೆ? ಗೋಡೆ ಕೊರೆದೇ ತಾನೆ? ಕೊರೆದ ಮೇಲೆ ಸುಣ್ಣದ ಗಾರೆಗೆ ಸಿಮೆಂಟ್ ಮೆತ್ತುತ್ತಾರೆ. ನೋಡಲೇಬೇಕಾಗಿಲ್ಲ, ನನಗೆ ಗೊತ್ತು.

ನಿಜ ಹೇಳಲಾ? "ಅಲ್ಲಿ ಏನೂ ಇಲ್ಲ" ಅಂತ ಎಲ್ಲರೂ ಹೇಳಿಕೊಂಡು ತಿರುಗಲಿ ಅಂತ ನನಗೂ ಒಳಗೊಳಗೇ ಆಸೆ. ಸ್ವಾರ್ಥ, ಹೌದು. ಆದರೆ ಹಾಗೆ ಹೇಳಿದವರೇ ಪಾರ್ಕ್ ಕೇಳುತ್ತಾರಲ್ಲ, ಅದೇ ತೊಂದರೆ.

ಬೇಕಿರುವುದು ಇಷ್ಟೇ. ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ತಡೆಯಲು ಒಬ್ಬರು, ಬಾಗಿಲಲ್ಲಿ ಕೋಟೆಯ ನಕ್ಷೆ ಇರುವ ಬೋರ್ಡ್ ಒಂದು. ಹುಲ್ಲಿನ ಚಿಂತೆ ಬಿಡಿ ಸ್ವಾಮಿ, ಮಲೆನಾಡು ಇದು. ಮಳೆ ಬಿದ್ದರೆ ಅದು ಟೆಂಡರ್ ಕರೆಯದೆ ಬೆಳೆಯುತ್ತದೆ.